ಕರೆಂಟು ಹರಿಯೋ ಪ್ಲಾಸ್ಟಿಕ್ಕಿಂದ ಗಾಯ ಬೇಗ ಮಾಯುತ್ತಾ? ಸ್ವೀಡನ್ ಸಂಶೋಧನೆ ಬಗ್ಗೆ ಗೊತ್ತಿರೋರು ಹೇಳಿ

ಬೆಣ್ಣೆದೋಸೆ_ದಾವಣಗೆರೆ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿ ಬಂದಿದೆ. ಸ್ವೀಡನ್ನಿನಲ್ಲಿ ಕರೆಂಟು ಹರಿಯೋ ಪ್ಲಾಸ್ಟಿಕ್ ಬಳಸಿ ಸಕ್ಕರೆ ಕಾಯಿಲೆಯವರ ಗಾಯ ಮೂರು ಪಟ್ಟು ಬೇಗ ಮಾಯೋ ಹಾಗೆ ಮಾಡಿದಾರಂತೆ. ಹುಡುಕಿ ನೋಡಿದೆ. ಗೋಥೆನ್‌ಬರ್ಗ್ ಊರಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಮಾರಿಯಾ ಆಸ್ಪ್ಲಂಡ್ ಅನ್ನೋ ಪ್ರೊಫೆಸರ್ ಹೆಸರು ಸಿಕ್ತು. ಹಾಗಾಗಿ ಪೂರ್ತಿ ಬುರುಡೆ ಅಲ್ಲ ಅನ್ಸುತ್ತೆ. ಆದ್ರೆ ಅದೇ ಮೆಸೇಜಿನ ಕೊನೇಲಿ "ಇದೇ ತಂತ್ರಜ್ಞಾನದ ಕಾಲುಚೀಲ" ಅಂತ ಒಂದು ಫೋನ್ ನಂಬರೂ ಇದೆ.

ಅಪ್ಪಾಜಿಗೆ ಬಹಳ ವರ್ಷದಿಂದ ಶುಗರ್. ಅಂಗಾಲಲ್ಲಿ ಹುಣ್ಣಾಗಿದೆ, ಡ್ರೆಸ್ಸಿಂಗ್ ಮಾಡಿಸ್ತಾನೇ ಇದ್ದೀವಿ. ಕಾಲುಚೀಲ ತರಿಸು ಅಂತ ದಿನಾ ಹೇಳ್ತಾರೆ. ಓದ್ಕೊಂಡೋರು ಯಾರಾದ್ರೂ ಇದ್ರೆ ಹೇಳಿ, ಇದರಲ್ಲಿ ನಿಜ ಎಷ್ಟು?

ಅನುಮಾನ_ಪಿಶಾಚಿ

ಅಲ್ಲ ಗುರು, ಕರೆಂಟ್ ಹೊಡೀಬಾರದು ಅಂತ ತಾನೇ ವೈರಿಗೆ ಪ್ಲಾಸ್ಟಿಕ್ ಸುತ್ತೋದು? ಈಗ ಪ್ಲಾಸ್ಟಿಕ್ಕಲ್ಲೇ ಕರೆಂಟ್ ಹರಿಯುತ್ತೆ, ಅದರಿಂದ ಗಾಯನೂ ಮಾಯುತ್ತೆ ಅಂತೆ. ಕಾಲುಚೀಲದ ರೇಟ್ ಎಷ್ಟು ಅಂತ ಕೇಳಿ, ಉತ್ತರ ಅಲ್ಲೇ ಸಿಗುತ್ತೆ.

ಫ್ರೈಬುರ್ಗ್_ಮಲೆನಾಡು

ಅಕ್ಕ, ಮೊದಲು ಕಾಲುಚೀಲದ ವಿಷಯ: ದಯವಿಟ್ಟು ತರಿಸಬೇಡಿ. ಮಿಕ್ಕಿದ್ದನ್ನು ನಿಧಾನಕ್ಕೆ ಹೇಳುತ್ತೇನೆ. ನಾನು ಜರ್ಮನಿಯಲ್ಲಿ ವಸ್ತುವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಆ ಗುಂಪಿನವಳಲ್ಲ, ಆದರೆ ಅವರ ಪೇಪರ್‌ಗಳನ್ನು ಓದದೆ ನಮ್ಮ ಕೆಲಸ ಮುಂದೆ ಹೋಗುವುದಿಲ್ಲ.

ಸುದ್ದಿಯ ಮೂಲ 2023ರಲ್ಲಿ ಲ್ಯಾಬ್ ಆನ್ ಎ ಚಿಪ್ ಪತ್ರಿಕೆಯಲ್ಲಿ ಬಂದ ಲೇಖನ. ಚಾಲ್ಮರ್ಸ್ ಮತ್ತು ನಮ್ಮೂರಿನ ಫ್ರೈಬುರ್ಗ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಕೆಲಸ. ಅಲ್ಲಿ ರೋಗಿಗಳಿಲ್ಲ, ಇಲಿಯೂ ಇಲ್ಲ. ಒಂದು ಸಣ್ಣ ಚಿಪ್ಪಿನೊಳಗೆ (ಚಿಪ್ ಅಂದರೆ ಸಣ್ಣ ಕಾಲುವೆಗಳಿರುವ ಪ್ರಯೋಗದ ಬಿಲ್ಲೆ) ಮನುಷ್ಯರ ಚರ್ಮದ ಕೆರಟಿನೊಸೈಟ್ ಕೋಶಗಳನ್ನು ಒಂದು ಪದರವಾಗಿ ಬೆಳೆಸಿ, ನಡುವೆ ಒಂದು ಗೆರೆಯಷ್ಟು ಜಾಗ ಖಾಲಿ ಬಿಡುತ್ತಾರೆ. ಅದೇ "ಗಾಯ". ಹನ್ನೆರಡು ಗಂಟೆ ಕಾಲ ನೇರ ವಿದ್ಯುತ್ (ಡಿಸಿ) ಹರಿಸಿ, ಎರಡೂ ಅಂಚಿನ ಕೋಶಗಳು ಎಷ್ಟು ಬೇಗ ಆ ಜಾಗವನ್ನು ಮುಚ್ಚುತ್ತವೆ ಅಂತ ನೋಡಿದರು. ವಿದ್ಯುತ್ ಕ್ಷೇತ್ರ ಮಿಲಿಮೀಟರಿಗೆ ಸುಮಾರು 200 ಮಿಲಿವೋಲ್ಟ್.

ಮಧುಮೇಹದಲ್ಲಿ ಆಗುವ ಹಾಗೆ ಚಲನೆ ಕುಗ್ಗಿಸಿದ ಕೋಶಗಳು ಕರೆಂಟಿಲ್ಲದೆ ಗಂಟೆಗೆ ಶೇ. 1ರಷ್ಟು ಗಾಯ ಮುಚ್ಚುತ್ತಿದ್ದವು. ಕರೆಂಟು ಕೊಟ್ಟಾಗ ಅದು ಶೇ. 2.8ಕ್ಕೆ ಏರಿತು. ಆರೋಗ್ಯವಂತ ಕೋಶಗಳ ವೇಗ ಕರೆಂಟಿಲ್ಲದೆಯೇ ಶೇ. 3.5. ಅಂದರೆ ಕುಂಟುತ್ತಿದ್ದ ಕೋಶಗಳು ಹೆಚ್ಚುಕಡಿಮೆ ಮಾಮೂಲಿ ನಡಿಗೆಗೆ ಬಂದವು. "ಮೂರು ಪಟ್ಟು" ಅನ್ನುವುದು ಇದೇ. ಒಳ್ಳೆಯ ಫಲಿತಾಂಶ, ಸುಳ್ಳಲ್ಲ.

ಆದರೆ ಆ ಚಿಪ್ಪಿನಲ್ಲಿ ರಕ್ತನಾಳ ಇಲ್ಲ, ಕೀವಿಲ್ಲ, ಸೋಂಕಿಲ್ಲ, ಮೈಭಾರ ಹೊರುವ ಪಾದ ಇಲ್ಲ. ಅಪ್ಪಾಜಿಯ ಹುಣ್ಣು ಮಾಯದಿರುವುದಕ್ಕೆ ಇವುಗಳಲ್ಲೇ ಯಾವುದೋ ಕಾರಣ ಇರುವ ಸಾಧ್ಯತೆ ಹೆಚ್ಚು. ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ಅಂತ ಡಾಪ್ಲರ್ ಮಾಡಿಸಿದ್ದೀರಾ?

ಬೆಣ್ಣೆದೋಸೆ_ದಾವಣಗೆರೆ

ಇಲ್ಲಮ್ಮ, ಡಾಪ್ಲರ್ ಅಂತ ಯಾರೂ ಹೇಳಿಲ್ಲ. ಸೋಮವಾರ ಡಾಕ್ಟರನ್ನ ಕೇಳ್ತೀನಿ. ಹುಣ್ಣಿನ ಮೇಲೆ ಭಾರ ಬೀಳದ ಹಾಗೆ ಬೇರೆ ಚಪ್ಪಲಿ ಮಾಡಿಸ್ಕೊಳ್ಳಿ ಅಂತ ಹೇಳಿದ್ರು, ಅಪ್ಪಾಜಿ ಹಾಕ್ಕೊಳ್ಳಲ್ಲ.

ಬಯೋಮೆಡ್_ರಿಪೇರಿ

ಆ ಚಪ್ಪಲಿ ಹಾಕ್ಸಿ ಮೇಡಂ. ಕಾಲುಚೀಲಕ್ಕಿಂತ ಅದೇ ದೊಡ್ಡ ಔಷಧಿ.

ಇನ್ನೊಂದು ಮಾತು. ನಾನು ಆಸ್ಪತ್ರೆ ಮೆಷಿನ್ ರಿಪೇರಿ ಮಾಡೋನು. "ಬರೀ ಕರೆಂಟ್ ತಾನೇ" ಅಂತ ಮನೇಲಿ ಒಂಬತ್ತು ವೋಲ್ಟ್ ಬ್ಯಾಟರಿ ತಗೊಂಡು ಯಾರೂ ಟ್ರೈ ಮಾಡ್ಬೇಡಿ. ಫಿಸಿಯೋಥೆರಪಿಯಲ್ಲಿ ನೋವಿಗೆ ಇಡೋ ಟೆನ್ಸ್ ಮೆಷಿನ್ ಕೊಡೋದು ಪಲ್ಸು, ಆ ಕಡೆ ಈ ಕಡೆ ಸಮ ಆಗಿರುತ್ತೆ. ಒಂದೇ ದಿಕ್ಕಿನ ಡಿಸಿ ಅಂದ್ರೆ ಬೇರೆ ಕಥೆ. ಪ್ಯಾಡ್ ಕೆಳಗೆ ಒಂದು ಕಡೆ ಆಸಿಡ್, ಇನ್ನೊಂದು ಕಡೆ ಕ್ಷಾರ ಹುಟ್ಟುತ್ತೆ, ಚರ್ಮ ಸುಡುತ್ತೆ. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶ ಕಮ್ಮಿ, ಸುಟ್ಟಿದ್ದೂ ಗೊತ್ತಾಗಲ್ಲ.

ನಿರ್ವಾಹಕ

ಕಾಲುಚೀಲ, ಬೆಲ್ಟು, ಆಯಸ್ಕಾಂತದ ಬಳೆ ಮಾರುವ ಸಂದೇಶಗಳನ್ನು ತೆಗೆದಿದ್ದೇನೆ. ಮತ್ತೆ ಹಾಕಿದರೆ ಖಾತೆಯನ್ನೇ ತೆಗೆಯುತ್ತೇನೆ. ಚರ್ಚೆ ಮುಂದುವರಿಯಲಿ.

ರಸಾಯನ_ಮೇಷ್ಟ್ರು_ಧಾರವಾಡ

ಪ್ಲಾಸ್ಟಿಕ್ಕಿನಾಗ ಕರೆಂಟ್ ಹೆಂಗ ಹರೀತದ ಅಂತ ಅನುಮಾನ_ಪಿಶಾಚಿಯವರು ಕೇಳ್ಯಾರ. ಕಾಲೇಜಿನಾಗ ಪಾಠ ಹೇಳೋ ನನಗ ಇದು ಭಾಳ ಪ್ರೀತಿಯ ಪ್ರಶ್ನೆ, ತಡಕೊಳ್ರಿ.

ಪಾಲಿಥೀನ್ ಚೀಲದಾಗ ಇಂಗಾಲದ ಎಲೆಕ್ಟ್ರಾನ್ ಎಲ್ಲಾ ಏಕಬಂಧದಾಗ ಸಿಕ್ಕೊಂಡಿರ್ತಾವ, ಅಲುಗಾಡಂಗಿಲ್ಲ. ಕೆಲವು ಪಾಲಿಮರಿನಾಗ (ಪ್ಲಾಸ್ಟಿಕ್ಕಿನಂಥ ಉದ್ದ ಸರಪಳಿ ಅಣುವಿನಾಗ) ಏಕಬಂಧ, ದ್ವಿಬಂಧ, ಮತ್ತ ಏಕಬಂಧ, ಮತ್ತ ದ್ವಿಬಂಧ ಅಂತ ಸರಪಳಿ ಉದ್ದಕ್ಕೂ ಬರ್ತಾವ. ಅಂಥಾದರಾಗಿಂದ ಒಂದಿಷ್ಟು ಎಲೆಕ್ಟ್ರಾನ್ ಕಿತ್ತಿದ್ರ, ಉಳಿದ ಖಾಲಿ ಜಾಗ ಸರಪಳಿ ಗುಂಟ ಓಡಾಡ್ತದ. ಕಿತ್ತುಕೊಳ್ಳೋ ಕೆಲಸಕ್ಕ ಡೋಪಿಂಗ್ ಅಂತಾರ. 1977ರಾಗ ಶಿರಾಕಾವಾ, ಮೆಕ್‌ಡಯರ್ಮಿಡ್, ಹೀಗರ್ ಮೂವರೂ ಕೂಡಿ ಪಾಲಿಅಸಿಟಿಲೀನ್ ಹಾಳೆಗೆ ಅಯೋಡಿನ್ ಆವಿ ಹಿಡಿದಾಗ ಅದರ ವಾಹಕತೆ ಕೋಟಿ ಪಟ್ಟು ಏರಿತು. 2000ದಾಗ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ಬೆಳ್ಳಿ ಬಣ್ಣದ ಹಾಳೆ ಮೊದಲ ಹುಟ್ಟಿದ್ದು ಶಿರಾಕಾವಾ ಲ್ಯಾಬಿನಾಗ ಒಬ್ಬರು ವೇಗವರ್ಧಕವನ್ನ ಸಾವಿರ ಪಟ್ಟು ಜಾಸ್ತಿ ಹಾಕಿದ್ದರಿಂದ. ನಮ್ಮ ಲ್ಯಾಬಿನಾಗ ಹುಡುಗರು ಹಂಗ ಮಾಡಿದ್ರ ನಾ ಬೈತೀನಿ.

ಆದ್ರ ಪಾಲಿಅಸಿಟಿಲೀನ್ ಗಾಳಿಗೆ ಹಾಳಾಗ್ತದ. ಈಗ ಎಲ್ಲಾರೂ ಬಳಸೋದು ಪೆಡಾಟ್ ಅನ್ನೋ ವಾಹಕ ಪಾಲಿಮರ್. ಅದು ಜರ್ಮನಿಯ ಬೇಯರ್ ಕಂಪನಿ ಲ್ಯಾಬಿನಾಗ 1980ರ ದಶಕದ ಕೊನಿಗೆ ಹುಟ್ಟಿದ್ದು. ಮೊದಲ ಯಾತಕ್ಕ ಬಳಸಿದ್ರು ಗೊತ್ತೇನ್ರಿ? ಫೋಟೋ ಫಿಲ್ಮಿಗೆ ಸ್ಥಿರವಿದ್ಯುತ್ತಿನ ಕಿಡಿ ಹತ್ತಬಾರದು ಅಂತ ಮ್ಯಾಲೆ ಸವರಲಿಕ್ಕೆ. ಕ್ಯಾಮೆರಾದ ರೋಲಿಗೆ ಸವರಿದ್ದನ್ನ ಈಗ ಮೆದುಳಿಗೆ ಇಳಿಸೋ ತಂತಿಗೆ ಸವರ್ತಾರ.

ಅನುಮಾನ_ಪಿಶಾಚಿ

ಮೇಷ್ಟ್ರೇ ಸೂಪರ್. ಸರಿ, ಹರಿಯುತ್ತೆ ಅಂತ ಒಪ್ಪಿದೆ. ಆದ್ರೆ ಎಷ್ಟೇ ಹರಿದ್ರೂ ಬಂಗಾರ, ಪ್ಲಾಟಿನಂ ಮುಂದೆ ಇದು ಯಾವ ಲೆಕ್ಕ? ಲೋಹ ಇರೋವಾಗ ಪ್ಲಾಸ್ಟಿಕ್ ಯಾಕೆ ಬೇಕು?

ಫ್ರೈಬುರ್ಗ್_ಮಲೆನಾಡು

ಇಡೀ ಕ್ಷೇತ್ರ ನಿಂತಿರುವುದು ಈ ಪ್ರಶ್ನೆಯ ಮೇಲೇ. ವಾಹಕತೆಯಲ್ಲಿ ಪೆಡಾಟ್ ಲೋಹಕ್ಕೆ ಸಾಟಿಯಲ್ಲ, ಆ ಸ್ಪರ್ಧೆಗೂ ಅದು ಇಳಿದಿಲ್ಲ.

ತಂತಿಯಲ್ಲಿ ಓಡುವುದು ಎಲೆಕ್ಟ್ರಾನ್. ಮೈಯಲ್ಲಿ ಓಡುವುದು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳು, ಅಂದರೆ ಆವೇಶ ಹೊತ್ತ ಕಣಗಳು. ಎಲೆಕ್ಟ್ರಾನ್ ನೀರಿಗೆ ಇಳಿಯುವುದಿಲ್ಲ, ಅಯಾನು ಲೋಹದೊಳಗೆ ಹೋಗುವುದಿಲ್ಲ. ಹಾಗಾಗಿ ಲೋಹ ಮತ್ತು ಅಂಗಾಂಶ ಮುಟ್ಟುವ ಗಡಿಯಲ್ಲಿ ಎರಡೇ ದಾರಿ. ಒಂದು, ಗಡಿಯ ಎರಡೂ ಬದಿಗೆ ವಿದ್ಯುದಾವೇಶ ಕೂಡಿ ಕೆಪಾಸಿಟರ್ ಥರ ಕೆಲಸ ಮಾಡುವುದು. ಇದು ಸುರಕ್ಷಿತ, ಆದರೆ ನುಣುಪಾದ ಲೋಹದಲ್ಲಿ ಚದರ ಸೆಂಟಿಮೀಟರಿಗೆ ಕೆಲವು ಹತ್ತು ಮೈಕ್ರೋಫ್ಯಾರಡ್ ಮಾತ್ರ ಹಿಡಿಯುತ್ತದೆ (ಫ್ಯಾರಡ್ ಅಂದರೆ ಎಷ್ಟು ಆವೇಶ ಹಿಡಿಯುತ್ತದೆ ಅನ್ನುವ ಅಳತೆ). ಅದು ತುಂಬಿತು ಅಂದರೆ ಎರಡನೇ ದಾರಿ: ನೀರೇ ಒಡೆಯುತ್ತದೆ, ಗುಳ್ಳೆ ಏಳುತ್ತದೆ, ಆಮ್ಲ-ಕ್ಷಾರ ಹುಟ್ಟುತ್ತದೆ, ಲೋಹ ಕರಗುತ್ತದೆ. ಬಯೋಮೆಡ್ ಅಣ್ಣ ಹೇಳಿದ ಸುಟ್ಟ ಚರ್ಮ ಇದೇ.

ಪೆಡಾಟ್ ನೀರಲ್ಲಿ ನೆನೆದ ಅವಲಕ್ಕಿಯ ಹಾಗೆ ಒಳಗೆಲ್ಲ ಒದ್ದೆಯಾಗುತ್ತದೆ. ಅಯಾನುಗಳು ಮೇಲ್ಮೈಯಲ್ಲಿ ನಿಲ್ಲದೆ ಇಡೀ ಪದರದ ಒಳಕ್ಕೆ ಹೋಗಿ ಬರುತ್ತವೆ, ಅದೇ ಸರಪಳಿಯಲ್ಲಿ ಎಲೆಕ್ಟ್ರಾನಿಕ್ ಆವೇಶವೂ ಓಡುತ್ತಿರುತ್ತದೆ. ಅಳೆದಿರುವ ಲೆಕ್ಕ ಘನ ಸೆಂಟಿಮೀಟರಿಗೆ ಸುಮಾರು 39 ಫ್ಯಾರಡ್. ಬರೀ ಒಂದು ಮೈಕ್ರಾನ್ ದಪ್ಪದ ಪದರ ಸವರಿದರೆ ಚದರ ಸೆಂಟಿಮೀಟರಿಗೆ ಸುಮಾರು 3.9 ಮಿಲಿಫ್ಯಾರಡ್, ಬರಿ ಲೋಹದ ಸುಮಾರು ನೂರು ಪಟ್ಟು. ದಪ್ಪ ಹೆಚ್ಚಿಸಿದರೆ ಅದೂ ಹೆಚ್ಚುತ್ತದೆ.

ಆಸ್ಪ್ಲಂಡ್ ಅವರ ಸುಮಾರು ಎಲ್ಲ ಕೆಲಸವೂ ಈ ಗಡಿಯ ಮೇಲೇ ನಡೆದಿದೆ. ಗಾಯದ ಪ್ರಯೋಗದಲ್ಲಿ ಕೋಶಗಳಿಗೆ ಬೇಕಾಗಿದ್ದು ಹನ್ನೆರಡು ಗಂಟೆ ಒಂದೇ ದಿಕ್ಕಿನ ಡಿಸಿ. ಅದನ್ನು ಲೋಹದಿಂದ ಕೊಟ್ಟರೆ ಕೋಶ ಸಾಯುತ್ತದೆ. ಅವರು ಲೇಸರಿನಿಂದ ಸುಟ್ಟು ಮಾಡಿದ ಗ್ರಾಫೀನ್ (ಇಂಗಾಲದ ಒಂದು ರೂಪ) ಮೇಲೆ ನೀರು ಹಿಡಿದ ಪೆಡಾಟ್ ಹೈಡ್ರೋಜೆಲ್ ಕೂರಿಸಿ, ಲೋಹವೇ ಇಲ್ಲದ ವಿದ್ಯುದ್ವಾರ, ಅಂದರೆ ಕರೆಂಟು ದಾಟಿಸುವ ತುದಿ, ಮಾಡಿಕೊಂಡರು. ನನ್ನ ಮಟ್ಟಿಗೆ "ಮೂರು ಪಟ್ಟು" ಅನ್ನುವುದಕ್ಕಿಂತ ಇದು ಹೆಚ್ಚು ಮುಖ್ಯ. ಕೋಶಗಳು ವಿದ್ಯುತ್ತಿಗೆ ಓಗೊಡುತ್ತವೆ ಅನ್ನುವುದು ಹಳೇ ಸಂಗತಿ. ಅವುಗಳನ್ನು ಕೊಲ್ಲದೆ ಗಂಟೆಗಟ್ಟಲೆ ವಿದ್ಯುತ್ ಕೊಡುವುದು ಹೇಗೆ ಅನ್ನುವುದೇ ಕಷ್ಟದ ಭಾಗ.

ರಸಾಯನ_ಮೇಷ್ಟ್ರು_ಧಾರವಾಡ

ಭಾಳ ಛಲೋ ಬರದೀ ತಂಗೀ. ಆದ್ರ ಒಂದು ತಕರಾರು. ಕೆಪಾಸಿಟರ್ ಎಷ್ಟೇ ದೊಡ್ಡದಿರಲಿ, ಡಿಸಿಗೆ ಒಂದಿಲ್ಲೊಂದು ಹೊತ್ತಿಗೆ ತುಂಬಲೇಬೇಕಲ್ಲ? ಚಿಪ್ಪಿನಾಗ ನಡೀತು ಅಂತ ಅಂಗಾಲಿನಾಗ ನಡೀತದೇನು?

ಫ್ರೈಬುರ್ಗ್_ಮಲೆನಾಡು

ಸರ್, ಅದಕ್ಕೆ ಒಂದು ಕೈಲೆಕ್ಕ ಹಾಕಿದೆ. ಇದು ನನ್ನ ಲೆಕ್ಕ, ಪೇಪರಿನದಲ್ಲ.

ಉಪ್ಪುನೀರಿನಷ್ಟು ವಾಹಕತೆ, ಅಂದರೆ ಮೀಟರಿಗೆ 1.5 ಸೀಮನ್ಸ್ ಇಟ್ಟುಕೊಂಡರೆ, ಮಿಲಿಮೀಟರಿಗೆ 200 ಮಿಲಿವೋಲ್ಟ್ ಕ್ಷೇತ್ರಕ್ಕೆ ಪ್ರತಿ ಚದರ ಮಿಲಿಮೀಟರ್ ಅಡ್ಡಕೊಯ್ತದಲ್ಲಿ 0.3 ಮಿಲಿಆಂಪಿಯರ್ ಹರಿಯಬೇಕು. ಚಿಪ್ಪಿನ ಕಾಲುವೆಯ ಅಡ್ಡಕೊಯ್ತ 0.1 ಚದರ ಮಿಲಿಮೀಟರ್ ಅಂದುಕೊಳ್ಳೋಣ. 30 ಮೈಕ್ರೋಆಂಪಿಯರ್ ಸಾಕು, ಹನ್ನೆರಡು ಗಂಟೆಗೆ ಒಟ್ಟು 1.3 ಕೂಲಂಬ್. ಅದನ್ನು ಸಣ್ಣ ಜೆಲ್ ತುಂಡು ಹಿಡಿಯುತ್ತದೆ.

ಈಗ ಒಂದು ಸೆಂಟಿಮೀಟರ್ ಅಗಲ, ಒಂದು ಮಿಲಿಮೀಟರ್ ಆಳದ ನಿಜವಾದ ಗಾಯ. ಅಡ್ಡಕೊಯ್ತ 10 ಚದರ ಮಿಲಿಮೀಟರ್, 3 ಮಿಲಿಆಂಪಿಯರ್, ಹನ್ನೆರಡು ಗಂಟೆಗೆ ಸುಮಾರು 130 ಕೂಲಂಬ್. ಒಂದು ವೋಲ್ಟ್ ಅಂತರದಲ್ಲಿ ಅಷ್ಟನ್ನು ಹಿಡಿಯಲು ಮೂರು ಘನ ಸೆಂಟಿಮೀಟರಿಗಿಂತ ಹೆಚ್ಚು ಪಾಲಿಮರ್ ಬೇಕು. ಜೀವಂತ ಅಂಗಾಂಶ ಉಪ್ಪುನೀರಿಗಿಂತ ಕಡಿಮೆ ವಾಹಕ, ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಇಳಿಯುತ್ತದೆ. ಆದರೂ ತಮ್ಮ ತಕರಾರು ಸರಿಯಾದ ಜಾಗಕ್ಕೇ ಬಿದ್ದಿದೆ. ಬ್ಯಾಂಡೇಜಿನಷ್ಟು ತೆಳುವಾಗಿ ಇದನ್ನು ಮಾಡುವುದು ಸುಲಭದ ಮಾತಲ್ಲ.

ಅದೇ ಪೇಪರಿನ ಇನ್ನೊಂದು ಅಂಶ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡು ರೀತಿ ಕರೆಂಟು ಕೊಟ್ಟು ನೋಡಿದರು: ಇಡೀ ಗಾಯಕ್ಕೆ ಒಂದೇ ದಿಕ್ಕಿನಲ್ಲಿ ಒಂದು, ಎರಡೂ ಅಂಚಿನ ಕೋಶಗಳು ನಡುವಿಗೆ ಬರಲಿ ಅಂತ ಸರದಿಯಲ್ಲಿ ದಿಕ್ಕು ಬದಲಿಸುತ್ತಾ ಇನ್ನೊಂದು. ಎರಡನೆಯದೇ ಗೆಲ್ಲುತ್ತದೆ ಅಂತ ಯಾರಾದರೂ ಪಂದ್ಯ ಕಟ್ಟುತ್ತಿದ್ದರು. ಗೆದ್ದದ್ದು ಒಂದೇ ದಿಕ್ಕಿನದು. ದಿಕ್ಕು ಬದಲಿಸುವುದೇ ಗೆದ್ದಿದ್ದರೆ ಆವೇಶ ಆಗಾಗ ಖಾಲಿಯಾಗುತ್ತಿತ್ತು, ನನ್ನಂಥವರ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ಬಯೋಮೆಡ್_ರಿಪೇರಿ

3 ಮಿಲಿಆಂಪ್ ಡಿಸಿ, ಹನ್ನೆರಡು ಗಂಟೆ, ಸ್ಪರ್ಶ ಇಲ್ಲದ ಕಾಲಿಗೆ. ಆ ಕಾಲುಚೀಲದೋರು ಇದನ್ನ ಹೆಂಗೆ ಮಾಡಿದಾರೆ ಅಂತ ಬಿಚ್ಚಿ ನೋಡೋ ಆಸೆ ಇದೆ. ನನ್ನ ಅಂದಾಜು: ಒಳಗೆ ಎಲ್‌ಇಡಿ ಬಿಟ್ರೆ ಏನೂ ಇರಲ್ಲ.

ಅನುಮಾನ_ಪಿಶಾಚಿ

"ಕೋಶಗಳು ವಿದ್ಯುತ್ತಿಗೆ ಓಗೊಡುತ್ತವೆ, ಹಳೇ ಸಂಗತಿ" ಅಂದುಬಿಟ್ರೆ ಆಯ್ತಾ? ಕೋಶಕ್ಕೆ ಕರೆಂಟ್ ಬಂದಿದ್ದು ಹೆಂಗೆ ಗೊತ್ತಾಗುತ್ತೆ? ಅಥವಾ ಕರೆಂಟಿಂದ ಇನ್ನೇನೋ ಬದಲಾಗಿ, ಅದಕ್ಕೆ ಕೋಶ ಓಗೊಟ್ಟಿರಬಹುದಲ್ಲ?

ಫ್ರೈಬುರ್ಗ್_ಮಲೆನಾಡು

ಅಣ್ಣ, ನೀವು ಸುಮ್ಮನೆ ಪಿಶಾಚಿ ಅಂತ ಹೆಸರಿಟ್ಟುಕೊಂಡಿದ್ದೀರಿ, ಪರೀಕ್ಷಕರಾಗಬೇಕಿತ್ತು.

ಚರ್ಮದ ಮಟ್ಟಿಗೆ ಉತ್ತರ ಸಾಕಷ್ಟು ಗಟ್ಟಿಯಾಗಿದೆ. ಚರ್ಮದ ಒಳ-ಹೊರಗಿನ ನಡುವೆ ಸಹಜವಾಗಿಯೇ ಒಂದು ವೋಲ್ಟೇಜ್ ಇರುತ್ತದೆ. ಗಾಯವಾದ ಕಡೆ ಅದು ಶಾರ್ಟ್ ಆಗಿ, ಗಾಯದ ಸುತ್ತ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಕೆರಟಿನೊಸೈಟ್‌ಗಳು ಋಣ ಧ್ರುವದ ಕಡೆಗೆ ಸರಿಯುತ್ತವೆ. 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಮಿನ್ ಝಾವೊ ಮತ್ತು ಸಂಗಡಿಗರು ಈ ಸರಿಯುವಿಕೆಗೆ ಬೇಕಾದ ಜೀನ್‌ಗಳನ್ನೇ ಗುರುತಿಸಿದರು. ಹಾಗಾಗಿ ಚಿಪ್ಪಿನಲ್ಲಿ ಕೊಟ್ಟ 200 ಮಿಲಿವೋಲ್ಟ್ ಎಲ್ಲಿಂದಲೋ ತಂದ ಸಂಖ್ಯೆಯಲ್ಲ, ಮೈಯೇ ಹುಟ್ಟಿಸುವ ಕ್ಷೇತ್ರದ ಅಳತೆಯದು.

ನರಕೋಶದ ವಿಷಯದಲ್ಲಿ ನಿಮ್ಮ ಅನುಮಾನ ನಿಜವಾಗಿಯೂ ಚುಚ್ಚುತ್ತದೆ. 1997ರಲ್ಲಿ ಕ್ರಿಸ್ಟೀನ್ ಸ್ಮಿತ್, ರಾಬರ್ಟ್ ಲ್ಯಾಂಗರ್ ಮೊದಲಾದವರು ಪಾಲಿಪಿರೋಲ್ ಅನ್ನುವ ಇನ್ನೊಂದು ವಾಹಕ ಪಾಲಿಮರಿನ ಹಾಳೆಯ ಮೇಲೆ ನರಕೋಶದಂಥ ಪಿಸಿ12 ಕೋಶಗಳನ್ನು ಬೆಳೆಸಿ 100 ಮಿಲಿವೋಲ್ಟ್ ಕೊಟ್ಟರು. ಕೋಶದಿಂದ ಹೊರಟ ಎಳೆಗಳ ಮಧ್ಯಂಕ ಉದ್ದ 9.5 ಮೈಕ್ರಾನಿನಿಂದ 18.14ಕ್ಕೆ ಏರಿತು. ಈ ಕ್ಷೇತ್ರದಲ್ಲಿ ಎಲ್ಲರೂ ಎತ್ತಿ ಹೇಳುವ ಪೇಪರ್ ಇದು. ಆದರೆ 2001ರಲ್ಲಿ ಅದೇ ಸ್ಮಿತ್ ಅವರ ಗುಂಪೇ ಇನ್ನೊಂದು ಸಂಗತಿ ತೋರಿಸಿತು: ವೋಲ್ಟೇಜ್ ಕೊಟ್ಟಾಗ ದ್ರಾವಣದಲ್ಲಿನ ಫೈಬ್ರೊನೆಕ್ಟಿನ್ ಪ್ರೋಟೀನು ಹಾಳೆಗೆ ಹೆಚ್ಚು ಅಂಟಿಕೊಳ್ಳುತ್ತದೆ, ಅಂಥ ಹಾಳೆಯ ಮೇಲೆ ಎಳೆಗಳು ಉದ್ದ ಬೆಳೆಯುತ್ತವೆ. ಅಂದರೆ ಕೋಶ ಮುಟ್ಟಿ ನೋಡಿದ್ದು ಕರೆಂಟನ್ನೋ, ಕರೆಂಟು ತಂದು ಅಂಟಿಸಿದ ಪ್ರೋಟೀನನ್ನೋ? ಇಂದಿಗೂ "ನಮ್ಮ ಪಾಲಿಮರ್ ಮೇಲೆ ಕೋಶ ಚೆನ್ನಾಗಿ ಬೆಳೆಯಿತು" ಅಂತ ಬರುವ ಎಷ್ಟೋ ಪೇಪರ್‌ಗಳಲ್ಲಿ ಈ ಎರಡನ್ನು ಬೇರೆ ಮಾಡಿರುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಕೇಳುಗ_ಮೈಸೂರು

ನಮಸ್ಕಾರ. ನಾನು ಮೈಸೂರಿನಲ್ಲಿ ಶ್ರವಣತಜ್ಞೆ. ಕಾಕ್ಲಿಯರ್ ಇಂಪ್ಲಾಂಟ್ (ನರಕ್ಕೆ ಕರೆಂಟು ಕೊಟ್ಟು ಕೇಳಿಸುವ, ಒಳಕಿವಿಗೆ ಇಡುವ ಸಾಧನ) ಹಾಕಿಸಿಕೊಂಡ ಮಕ್ಕಳಿಗೆ ಮ್ಯಾಪಿಂಗ್, ಅಂದರೆ ಅದರ ಹೊಂದಾಣಿಕೆ, ಮಾಡುವುದು ನನ್ನ ಕೆಲಸ. ಈ ಮಕ್ಕಳ ಒಳಕಿವಿಯಲ್ಲಿ ಪ್ಲಾಟಿನಂ ವಿದ್ಯುದ್ವಾರಗಳಿರುತ್ತವೆ, ಒಂದು ಪ್ರಸಿದ್ಧ ಮಾದರಿಯಲ್ಲಿ 22. ಪ್ರತಿ ಭೇಟಿಯಲ್ಲೂ ನಾವು ಮೊದಲು ನೋಡುವುದು ಇಂಪೆಡೆನ್ಸ್, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ. ಶಸ್ತ್ರಚಿಕಿತ್ಸೆ ಆದ ಮೇಲೆ ಸುತ್ತ ನಾರಿನ ಅಂಗಾಂಶ ಬೆಳೆದು ಅದು ಏರುವುದು ಮಾಮೂಲಿ.

ಪೆಡಾಟ್ ಸವರಿದರೆ ಇಂಪೆಡೆನ್ಸ್ ಇಳಿಯುತ್ತದೆ, ವಿದ್ಯುದ್ವಾರವನ್ನು ಇನ್ನೂ ಚಿಕ್ಕದು ಮಾಡಬಹುದು, 22ರ ಬದಲು ನೂರು ಇಡಬಹುದು ಅಂತ ಸಮ್ಮೇಳನಗಳಲ್ಲಿ ಕೇಳಿದ್ದೇನೆ. ನನ್ನ ಸಂಶಯ ಬೇರೆ. ಕಾಕ್ಲಿಯಾದೊಳಗಿನ ದ್ರವ ಒಳ್ಳೆಯ ವಾಹಕ, ಒಂದು ವಿದ್ಯುದ್ವಾರದ ಕರೆಂಟು ಪಕ್ಕದ ನರಗಳಿಗೂ ಹರಡಿಬಿಡುತ್ತದೆ. ಈಗಿರುವ 22ರಲ್ಲೇ ಎಷ್ಟೋ ಮಕ್ಕಳಿಗೆ ಅಕ್ಕಪಕ್ಕದವು ಬೇರೆ ಬೇರೆ ಅಂತ ಗೊತ್ತಾಗುವುದಿಲ್ಲ. ನೂರಿಟ್ಟರೆ ಏನು ಲಾಭ?

ಫ್ರೈಬುರ್ಗ್_ಮಲೆನಾಡು

ಮೇಡಂ, ಒಪ್ಪುತ್ತೇನೆ. ಒಳಕಿವಿಯಲ್ಲಿ ದ್ರವದ ಆಚೆ ನರ ಇರುವವರೆಗೆ ಯಾವ ಲೇಪನವೂ ಹರಡುವಿಕೆಯನ್ನು ತಡೆಯುವುದಿಲ್ಲ. ಸಣ್ಣ ವಿದ್ಯುದ್ವಾರ ಗೆಲ್ಲುವುದು ನರಕೋಶದ ಪಕ್ಕದಲ್ಲೇ ಹೋಗಿ ಕೂರಲು ಆಗುವ ಜಾಗದಲ್ಲಿ, ಉದಾಹರಣೆಗೆ ಮೆದುಳಿನ ಹೊರಪದರದಲ್ಲಿ.

ಅದಕ್ಕೂ ಆಸ್ಪ್ಲಂಡ್ ಪಾಲ್ಗೊಂಡ ಕೆಲಸವೇ ಇದೆ. ಚಾಲ್ಮರ್ಸ್, ಫ್ರೈಬುರ್ಗ್ ಮತ್ತು ನೆದರ್ಲೆಂಡ್ಸ್ ನರವಿಜ್ಞಾನ ಸಂಸ್ಥೆಯವರು ಪಾಲಿಇಮೈಡ್ ಅನ್ನುವ ಬಾಗುವ ಪ್ಲಾಸ್ಟಿಕ್ಕಿನ ತೆಳು ಎಳೆಯ ಮೇಲೆ 15 ಮೈಕ್ರಾನಿಗಿಂತ ಚಿಕ್ಕ ವಿದ್ಯುದ್ವಾರಗಳನ್ನು ಸಾಲಾಗಿ ಇಟ್ಟು, ಇಲಿಗಳ ದೃಷ್ಟಿ ಕಾರ್ಟೆಕ್ಸಿಗೆ (ನೋಟಕ್ಕೆ ಸಂಬಂಧಿಸಿದ ಮೆದುಳಿನ ಹೊರಪದರಕ್ಕೆ) ಇಳಿಸಿದರು. ಇಷ್ಟು ಸಣ್ಣ ಲೋಹ ಮೈಯೊಳಗಿನ ಉಪ್ಪುನೀರಿನಲ್ಲಿ ಬೇಗ ಸವೆಯುತ್ತದೆ. ಲೋಹದ ಮೇಲಿನ ವಾಹಕ ಪಾಲಿಮರ್ ಪದರ ಆವೇಶವನ್ನೂ ದಾಟಿಸುತ್ತದೆ, ಲೋಹವನ್ನೂ ಕಾಯುತ್ತದೆ. ಕರೆಂಟು ಬಂದಾಗ ಸೂಚನೆ ಕೊಡುವ ಹಾಗೆ ಇಲಿಗಳಿಗೆ ತರಬೇತಿ ಕೊಟ್ಟಿದ್ದರು. ಅವು 2ರಿಂದ 20 ಮೈಕ್ರೋಆಂಪಿಯರಿನಲ್ಲೇ ಗುರುತಿಸಿದವು. ಕೆಲವು ಸಾಧನಗಳು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸ್ಥಿರವಾಗಿದ್ದವು. ಹೊರಗಿನ ಪರೀಕ್ಷೆಯಲ್ಲಿ ನೂರಾರು ಕೋಟಿ ಪಲ್ಸ್ ತಡೆದುಕೊಂಡವು.

ಅನುಮಾನ_ಪಿಶಾಚಿ

ನಾಳೆ ಪೇಪರಲ್ಲಿ "ಕುರುಡರಿಗೆ ಕಣ್ಣು ಕೊಟ್ಟ ಪ್ಲಾಸ್ಟಿಕ್" ಅಂತ ಬರುತ್ತೆ ನೋಡ್ತಿರಿ. ಇಲಿಗೆ ಏನೋ ಮಿಂಚಿದ ಹಾಗಾಯ್ತು, ಸಿಗ್ನಲ್ ಕೊಡ್ತು. ಅಷ್ಟೇ ತಾನೇ?

ಫ್ರೈಬುರ್ಗ್_ಮಲೆನಾಡು

ಅಷ್ಟೇ. ಅವರೂ ಅಷ್ಟೇ ಹೇಳಿರುವುದು. ತಲೆಬರಹ ಕೊಡುವವರು ಬೇರೆಯವರು.

ರಸಾಯನ_ಮೇಷ್ಟ್ರು_ಧಾರವಾಡ

ಬಾಳಿಕೆ ಬಗ್ಗೆ ಕೇಳಬೇಕಾಗಿತ್ತು. ಒಣಗಿದ್ದು ನೆನದು ಉಬ್ಬತದ ಅಂದಿ. ಉಬ್ಬೋದು ತಗ್ಗೋದು ನಡದ್ರ ಲೋಹದಿಂದ ಪಕಳಿ ಎದ್ದು ಬರಂಗಿಲ್ಲೇನು?

ಫ್ರೈಬುರ್ಗ್_ಮಲೆನಾಡು

ಬರುತ್ತದೆ ಸರ್. ನಮ್ಮ ಲ್ಯಾಬಿನ ಎಲ್ಲರ ಗೋಳೂ ಅದೇ. ಇಂಪೆಡೆನ್ಸ್ ಗ್ರಾಫು ಸುಂದರವಾಗಿ ಬಂದಿರುತ್ತದೆ, ಒಂದು ವಾರ ಉಪ್ಪುನೀರಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿ ಪದರ ಹಪ್ಪಳೆಯೆದ್ದು ತೇಲುತ್ತಿರುತ್ತದೆ. ವೋಲ್ಟೇಜ್ ಮಿತಿ ಮೀರಿದರೆ ಸರಪಳಿಯೇ ಹಾಳಾಗಿ ವಾಹಕತೆ ಹೋಗುತ್ತದೆ, ಅದು ಇನ್ನೊಂದು ಕಾಟ.

2017ರಲ್ಲಿ ಬೋಲರ್, ಆಸ್ಪ್ಲಂಡ್ ಮತ್ತಿತರರು ಇದಕ್ಕೆ ಕೊಟ್ಟ ಪರಿಹಾರ ಸರಳ: ನುಣುಪು ಲೋಹದ ಬದಲು ಇರಿಡಿಯಂ ಆಕ್ಸೈಡ್ ಅಥವಾ ನ್ಯಾನೋ ಮಟ್ಟದಲ್ಲಿ ಒರಟು ಮಾಡಿದ ಪ್ಲಾಟಿನಂ ಮೇಲೆ ಪೆಡಾಟ್ ಬೆಳೆಸಿ, ಅದಕ್ಕೆ ಹಿಡಿದುಕೊಳ್ಳಲು ಜಾಗ ಸಿಗುತ್ತದೆ. ಅದೇ ವರ್ಷ ಅವರದೇ ಇನ್ನೊಂದು ಕೆಲಸದಲ್ಲಿ ಪೆಡಾಟ್ ಒಳಗೆ ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಔಷಧಿ ಸೇರಿಸಿ, ಇಲಿಗಳಲ್ಲಿ ಹನ್ನೆರಡು ವಾರದ ಪ್ರಯೋಗದಲ್ಲಿ ವೋಲ್ಟೇಜ್ ಕೊಟ್ಟಾಗ ಔಷಧಿ ಹೊರಬರುವ ಹಾಗೆ ಮಾಡಿದರು. ಡೋಪಿಂಗಿಗೆ ಋಣ ಅಯಾನು ಬೇಕೇ ಬೇಕು, ಆ ಜಾಗದಲ್ಲಿ ಔಷಧಿಯನ್ನೇ ಕೂರಿಸುವುದು. ಅವರ 2009ರ ಕೆಲಸದಲ್ಲಿ ಆ ಜಾಗಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹಾಕಿ ವಿಷಕಾರಿಯೇ ಅಂತ ಪರೀಕ್ಷಿಸಿದ್ದರು. ರಸಾಯನಶಾಸ್ತ್ರದವರಿಗೆ ಇಷ್ಟವಾಗುವ ಕುಶಲತೆ ಇದು.

2020ರಲ್ಲಿ ನೇಚರ್ ಪ್ರೊಟೊಕಾಲ್ಸ್‌ನಲ್ಲಿ ಇದೇ ಗುಂಪು ವಿದ್ಯುದ್ವಾರಗಳನ್ನು ಹೇಗೆ ಪರೀಕ್ಷಿಸಬೇಕು ಅಂತ ಒಂದು ಮಾರ್ಗಸೂಚಿ ಬರೆಯಿತು. ಅದರ ಬಗ್ಗೆ ಯಾವ ಪತ್ರಿಕೆಯೂ ಬರೆಯಲಿಲ್ಲ. ನಮ್ಮ ಮೇಜಿನ ಮೇಲೆ ಸದಾ ಇರುವುದು ಮಾತ್ರ ಅದೇ. ಒಬ್ಬೊಬ್ಬರು ಒಂದೊಂದು ರೀತಿ ಅಳೆದು "ನಮ್ಮದೇ ಉತ್ತಮ" ಅನ್ನುತ್ತಿದ್ದ ಕಡೆ ಒಂದು ಅಳತೆಗೋಲು ಬಂತು. ಮೆದುಳಿಗೆ ಇಳಿಸುವ ವಿದ್ಯುದ್ವಾರ ಮಾಡುವ ನ್ಯೂರಾಲಿಂಕ್ ಕಂಪನಿ 2019ರ ತನ್ನ ಪೇಪರಿನಲ್ಲಿ ಪೆಡಾಟ್ ಮತ್ತು ಇರಿಡಿಯಂ ಆಕ್ಸೈಡ್ ಎರಡನ್ನೂ ಹೋಲಿಸಿತು. ಇಂಪೆಡೆನ್ಸಿನಲ್ಲಿ ಪೆಡಾಟ್ ಮುಂದಿತ್ತು, ಆದರೆ ದೀರ್ಘ ಬಾಳಿಕೆ ಇರಿಡಿಯಂ ಆಕ್ಸೈಡಿನಷ್ಟು ಸಾಬೀತಾಗಿಲ್ಲ ಅಂತ ಅವರೇ ಬರೆದುಕೊಂಡರು.

ಗದಗ_ಹೊಲ

ನಡುವ ಬಾಯಿ ಹಾಕ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದಾ ಸ್ವೀಡನ್ನಿನಾಗ ಕರೆಂಟ್ ಮಣ್ಣು ಮಾಡಿ ಬೆಳಿ ಅರ್ಧಕ್ಕರ್ಧ ಜಾಸ್ತಿ ತಗದ್ರು ಅಂತ ಯೂಟ್ಯೂಬಿನಾಗ ನೋಡಿದ್ನಿ. ನಮ್ಮ ಬಿಳಿಜೋಳಕ್ಕ ನಡಿತೈತೇನ್ರಿ? ಪಂಪ್‌ಸೆಟ್ಟಿಗೇ ಕರೆಂಟ್ ಇರಂಗಿಲ್ಲ, ಅದು ಬ್ಯಾರೆ ಮಾತು.

ಫ್ರೈಬುರ್ಗ್_ಮಲೆನಾಡು

ಅಣ್ಣಾವ್ರೆ, ಅದು ಲಿಂಕೋಪಿಂಗ್ ವಿಶ್ವವಿದ್ಯಾಲಯದ ಎಲೆನಿ ಸ್ಟಾವ್ರಿನಿಡೌ ಅವರ ಗುಂಪಿನದು, 2023. ಅದರಲ್ಲೂ ಇದೇ ಪೆಡಾಟ್. ಸೆಲ್ಯುಲೋಸ್ ಜೊತೆ ಬೆರೆಸಿ ಮೆತ್ತೆಯಂಥ ಆಸರೆ ಮಾಡಿ, ಬಾರ್ಲಿ ಸಸಿಯ ಬೇರಿಗೆ ಬಹಳ ಸಣ್ಣ ವೋಲ್ಟೇಜ್ ಕೊಟ್ಟರು. ಹದಿನೈದು ದಿನದಲ್ಲಿ ಸಸಿ ಸರಾಸರಿ ಶೇ. 50 ಹೆಚ್ಚು ಬೆಳೆಯಿತು. ಆದರೆ ಹೊಲ ಅಲ್ಲ, ಮಣ್ಣೂ ಅಲ್ಲ, ನೀರಿನಲ್ಲಿ ಬೆಳೆಸುವ ಹೈಡ್ರೋಪೋನಿಕ್ಸ್. ಕಾಳು ಕಟ್ಟುವವರೆಗೆ ಹೋಗಿಲ್ಲ, ಬರೀ ಸಸಿ. ಸಾರಜನಕವನ್ನು ಸಸಿ ಚೆನ್ನಾಗಿ ಬಳಸಿಕೊಂಡಿತು ಅಂತ ಕಂಡಿತು, ಯಾಕೆ ಅಂತ ಅವರಿಗೂ ಸ್ಪಷ್ಟವಿರಲಿಲ್ಲ.

ಗದಗ_ಹೊಲ

ತೆನಿ ತನಕ ಹೋಗಿಲ್ಲಂದ್ರ ನಮಗ ಲೆಕ್ಕಕ್ಕಿಲ್ಲ. ಕಣಜ ತುಂಬಿದ ಮ್ಯಾಲೆ ಹೇಳ್ರಿ.

ಕೇಳುಗ_ಮೈಸೂರು

ನಮ್ಮ ಕರ್ನಾಟಕದಲ್ಲಿ ಯಾರಾದರೂ ಇದನ್ನು ಮಾಡುತ್ತಿದ್ದಾರೆಯೇ?

ರಸಾಯನ_ಮೇಷ್ಟ್ರು_ಧಾರವಾಡ

ಯಾಕಿಲ್ಲ ತಾಯೀ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಾಗ ಕೆ. ಎಸ್. ನಾರಾಯಣ್ ಅವರ ಗುಂಪು ಭಾಳ ವರ್ಷದಿಂದ ಪಾಲಿಮರ್ ಇಲೆಕ್ಟ್ರಾನಿಕ್ಸ್ ಮಾಡ್ತದ. 2014ರಾಗ ಅವರು ಟೆಲ್ ಅವೀವಿನ ಯಾಯೆಲ್ ಹನೈನ್ ಅವರ ಜೋಡಿ, ಕೋಳಿ ಭ್ರೂಣದ ಇನ್ನೂ ಬೆಳಕು ತಿಳಿಯದ ಅಕ್ಷಿಪಟಲವನ್ನ ಪಾಲಿಮರ್ ಪದರದ ಮ್ಯಾಲೆ ಇಟ್ಟು ಬೆಳಕು ಬಿಟ್ಟರು. ಪಾಲಿಮರ್ ಬೆಳಕು ಹೀರಿ ಆವೇಶ ಮಾಡ್ತು, ಅದಕ್ಕ ಅಕ್ಷಿಪಟಲದ ನರಕೋಶಗಳು ಮಿಡಿದ್ವು. ತಂತಿ ಇಲ್ಲ, ಬ್ಯಾಟರಿ ಇಲ್ಲ. ಅದು ಪೆಡಾಟ್ ಅಲ್ಲ, ಸೌರಕೋಶದಾಗ ಬಳಸೋ ಜಾತಿಯ ಪಾಲಿಮರ್. ಭಾರತೀಯ ವಿಜ್ಞಾನ ಸಂಸ್ಥೆಯಾಗ ಬಿಕ್ರಮ್‌ಜಿತ್ ಬಸು ಅವರ ಗುಂಪು ವಾಹಕ ಹಾಸಿನ ಮ್ಯಾಲೆ ಕಾಂಡಕೋಶ ಬೆಳೆಸಿ ವಿದ್ಯುತ್ ಕೊಟ್ಟು ನೋಡ್ಯದ.

ಈಗ ನನ್ನದೊಂದು ಪ್ರಶ್ನೆ. ಬಿಎಸ್ಸಿ ಹುಡುಗರಿಗೆ ವಾಹಕ ಪಾಲಿಮರ್ ಕೈಯಾರೆ ಮಾಡಿ ತೋರಸಬೇಕು. ಪೆಡಾಟಿಗೆ ಬೇಕಾದ ಎಡಾಟ್ ನಮ್ಮ ಕಾಲೇಜಿಗೆ ಎಟಕಂಗಿಲ್ಲ. ಬ್ಯಾರೆ ಏನರ ಅದನೇನು?

ಫ್ರೈಬುರ್ಗ್_ಮಲೆನಾಡು

ಪಾಲಿಅನಿಲಿನ್ ಮಾಡಿಸಿ ಸರ್. ಅನಿಲಿನ್ ಹೈಡ್ರೋಕ್ಲೋರೈಡಿಗೆ ಅಮೋನಿಯಂ ಪರ್ಸಲ್ಫೇಟ್ ಹಾಕಿದರೆ ಹಸಿರು ಪುಡಿ ಬೀಳುತ್ತದೆ. ಅದು ವಾಹಕ ರೂಪ. ಅಮೋನಿಯಾ ತೋರಿಸಿದರೆ ನೀಲಿಯಾಗಿ ವಾಹಕತೆ ಕಳೆದುಕೊಳ್ಳುತ್ತದೆ, ಆಮ್ಲ ತೋರಿಸಿದರೆ ಮತ್ತೆ ಹಸಿರು. ಡೋಪಿಂಗ್ ಅಂದರೇನು ಅಂತ ಕಣ್ಣಿಗೇ ಕಾಣುತ್ತದೆ. ಅನಿಲಿನ್ ವಿಷ, ಗ್ಲೌಸ್ ಮತ್ತು ಫ್ಯೂಮ್ ಹುಡ್ ಇಲ್ಲದೆ ಬೇಡ. ಪಿರೋಲ್ ಸಿಕ್ಕರೆ ಫೆರಿಕ್ ಕ್ಲೋರೈಡ್ ಸಾಕು, ಬಟ್ಟೆ ತುಂಡಿನ ಮೇಲೇ ಕಪ್ಪು ಪಾಲಿಪಿರೋಲ್ ಬೆಳೆಯುತ್ತದೆ.

ಬಯೋಮೆಡ್_ರಿಪೇರಿ

ಫೆರಿಕ್ ಕ್ಲೋರೈಡ್ ಅಂದ್ರೆ ನಾವು ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಎಚ್ಚಿಂಗ್ ಮಾಡೋದು ತಾನೇ? ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗುತ್ತೆ ಮೇಷ್ಟ್ರೇ. ಬಟ್ಟೆ ಕಪ್ಪಾದ ಮೇಲೆ ಮಲ್ಟಿಮೀಟರ್ ಇಟ್ಟು ಎಷ್ಟು ಓಮ್ ಬಂತು ಅಂತ ಇಲ್ಲಿ ಹಾಕಿ.

ರಸಾಯನ_ಮೇಷ್ಟ್ರು_ಧಾರವಾಡ

ಹಾಕ್ತೀನಿ. ಖಾದಿ ಮ್ಯಾಲೆ ಒಂದು, ಪಾಲಿಯೆಸ್ಟರ್ ಮ್ಯಾಲೆ ಒಂದು ಮಾಡಸ್ತೀನಿ. ತೊಳೆದ ಮ್ಯಾಲೂ ಮತ್ತ ಅಳೀತೀವಿ, ಇಲ್ಲಂದ್ರ ಪಿಶಾಚಿಯವರು ಬಿಡಂಗಿಲ್ಲ.